ಮಡಿಕೇರಿಯ ಅರಸರ ಕಥೆಯನ್ನು ಪೂರ್ತಿ ಹೇಳೋಣ

ಮಡಿಕೇರಿಯ ನಾಗರಿಕರೇ, ಹೋಂಸ್ಟೇ ಮಾಲೀಕರೇ, ಟ್ಯಾಕ್ಸಿ-ಜೀಪು ಓಡಿಸುವ ಅಣ್ಣಂದಿರೇ,

ಶನಿವಾರ ಬಂತೆಂದರೆ ಪ್ರವಾಸಿಗರ ಕಾರುಗಳು ಸೀದಾ ರಾಜಾಸೀಟಿಗೆ. ಸೂರ್ಯಾಸ್ತ, ಫೋಟೊ, ಕಾಫಿಪುಡಿ, ವಾಪಸು. ಅಲ್ಲಿ ಕೂರುತ್ತಿದ್ದ ರಾಜರು ಯಾರೆಂದು ಕೇಳಿದರೆ ನಮ್ಮಲ್ಲೇ ಬಹಳ ಮಂದಿ ತಡವರಿಸುತ್ತಾರೆ. ಗೊತ್ತಿದ್ದವರೂ ತಮಗೆ ಬೇಕಾದ ತುಂಡನ್ನಷ್ಟೇ ಹೇಳುತ್ತಾರೆ. ನಮ್ಮ ತಕರಾರು ಇದಕ್ಕೇ.

ಕೋಟೆಯನ್ನೇ ನೋಡಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಎಬ್ಬಿಸಿ ಜಾಫರಾಬಾದ್ ಎಂದು ಕರೆದವನು ಟಿಪ್ಪು. ಅದೇ ಟಿಪ್ಪು ಸಾವಿರಾರು ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಎರಡನ್ನೂ ಬರೆಯಬೇಕು. ಕೋಟೆಯೊಳಗಿನ ಈಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು. ಅಂಗಳದ ಮೂಲೆಯಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳಿವೆ. ಮಕ್ಕಳು ಮೊದಲು ಓಡುವುದೇ ಅಲ್ಲಿಗೆ. ಒಳಗಿದ್ದ ವೀರಭದ್ರ ಗುಡಿಯನ್ನು ತೆಗೆಸಿ ಬ್ರಿಟಿಷರು 1855ರಲ್ಲಿ ಕಟ್ಟಿಸಿದ ಸೇಂಟ್ ಮಾರ್ಕ್ಸ್ ಚರ್ಚೇ ಇವತ್ತಿನ ವಸ್ತುಸಂಗ್ರಹಾಲಯ. ಒಂದೇ ಗೋಡೆಯೊಳಗೆ ಇಷ್ಟೊಂದು ಜನರ ಕೈಯಿರುವಾಗ ಇದು ನಮ್ಮವರದು ಮಾತ್ರ ಎಂದು ಹಕ್ಕು ಸಾಧಿಸಹೊರಡುವುದು ಹಠವಲ್ಲದೆ ಇನ್ನೇನು?

ಗದ್ದುಗೆಗೆ ಹೋದರೆ ಇನ್ನೂ ಸ್ಪಷ್ಟ. ವೀರಶೈವ ಅರಸರ ಸಮಾಧಿಗೆ ಗುಮ್ಮಟ, ಮಿನಾರು. ಅದರ ಜೊತೆಗೇ ನಂದಿ. ದೊಡ್ಡವೀರರಾಜೇಂದ್ರ, ಮಹದೇವಮ್ಮಾಜಿ, ಲಿಂಗರಾಜೇಂದ್ರ ಮಲಗಿರುವ ಆವರಣದಲ್ಲೇ ರಾಜರಿಗಾಗಿ ಕಾದಾಡಿದ ಕೊಡವ ದಂಡನಾಯಕ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರನ ಗುಡಿಗೂ ಗುಮ್ಮಟವೇ.

ಕೊನೆಯ ಅರಸನ ಕಥೆಯಂತೂ ಅರ್ಧಕ್ಕೇ ನಿಂತಿದೆ. ಚಿಕ್ಕವೀರರಾಜೇಂದ್ರ ಕ್ರೂರಿ, ಆದ್ದರಿಂದ ಈಸ್ಟ್ ಇಂಡಿಯಾ ಕಂಪನಿ ಬಂತು ಎನ್ನುತ್ತೇವೆ. ಅವನ ಕ್ರೌರ್ಯವನ್ನು ಮುಚ್ಚಿಡುವುದು ಬೇಡ. ಆದರೆ ಅದನ್ನೇ ನೆಪ ಮಾಡಿಕೊಂಡು 1834ರಲ್ಲಿ ಕಂಪನಿ ಇಡೀ ನಾಡನ್ನೇ ನುಂಗಿತಲ್ಲ? ಗಡೀಪಾರಾದ ರಾಜ 1852ರಲ್ಲಿ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲೇ ತೀರಿಕೊಂಡ. ಮಗಳು ಗೌರಮ್ಮ ಹುಟ್ಟಿದ್ದು ಬನಾರಸಿನಲ್ಲಿ. ಹನ್ನೊಂದರ ಆ ಹುಡುಗಿಗೆ ಕ್ರೈಸ್ತ ದೀಕ್ಷೆ ಕೊಡಿಸಿ, ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಇಟ್ಟಳು. 1864ರಲ್ಲಿ ಅವಳೂ ಲಂಡನ್ನಿನಲ್ಲೇ ಕಣ್ಣುಮುಚ್ಚಿದಳು. ಮಡಿಕೇರಿಯಲ್ಲಿ ಅವಳ ಹೆಸರು ಕಾಣುವಂತೆ ಎಲ್ಲಾದರೂ ಒಂದು ಕಡೆ ಬರೆಸಬೇಡವೇ?

ನಾವು ಕೇಳುತ್ತಿರುವುದು ದೊಡ್ಡ ಯೋಜನೆಯಲ್ಲ, ಪ್ರತಿಮೆಯಂತೂ ಬೇಡವೇ ಬೇಡ. ಕೋಟೆ, ಓಂಕಾರೇಶ್ವರ, ಗದ್ದುಗೆ, ರಾಜಾಸೀಟು, ಈ ನಾಲ್ಕು ಕಡೆ ಕನ್ನಡದಲ್ಲೂ ಕೊಡವ ತಕ್ಕಿನಲ್ಲೂ ಪೂರ್ತಿ ಕಥೆ ಹೇಳುವ ಫಲಕವನ್ನು ನಗರಸಭೆ ಹಾಕಿಸಲಿ. ಬರೆಯುವ ಕೆಲಸ ಇತಿಹಾಸ ಬಲ್ಲವರಿಗಿರಲಿ; ಯಾವ ಪಕ್ಷದ ಕಚೇರಿಯಲ್ಲೂ ಅದು ತಿದ್ದುಪಡಿ ಆಗದಿರಲಿ. ದಸರೆಯ ದಶಮಂಟಪಗಳಿಗೆ ಕೈಬಿಚ್ಚಿ ಖರ್ಚು ಮಾಡುವ ಊರಿಗೆ ನಾಲ್ಕು ಫಲಕ ಹೊರೆಯಾಗದು. ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಕೋಟೆಯಿಂದ ಗದ್ದುಗೆವರೆಗೆ ನಡೆಸಿಕೊಂಡು ಹೋಗಲಿ.

ಒಪ್ಪುವವರು ಈ ಕರಪತ್ರವನ್ನು ನಿಮ್ಮ ವಾರ್ಡಿನ ನಗರಸಭಾ ಸದಸ್ಯರಿಗೆ ಕೊಟ್ಟು ಉತ್ತರ ಕೇಳಿ.

— ಮಡಿಕೇರಿಯ ಕೆಲವು ನಾಗರಿಕರು