ಅತಿ ಋತುಸ್ರಾವ: ತಾಳ್ಮೆಯೊಂದೇ ಮದ್ದೆ?

1924ರಲ್ಲಿ ಫಿನ್ಲೆಂಡಿನ ವೈದ್ಯರಾದ ಎರಿಕ್ ಫಾನ್ ವಿಲೆಬ್ರಾಂಡರ ಬಳಿಗೆ ಆಲಂಡ್ ದ್ವೀಪದ 5 ವರ್ಷದ ಬಾಲಿಕೆಯೊಬ್ಬಳನ್ನು ಕರೆತಂದರು. ಗಾಯವಾದರೆ ಅವಳ ರಕ್ತವು ಬೇಗನೆ ನಿಲ್ಲುತ್ತಿರಲಿಲ್ಲ. ವಂಶಪರಂಪರೆಯಾಗಿ ಬಂದ ಆ ದೋಷವನ್ನು ವೈದ್ಯರು 1926ರಲ್ಲಿ ಲೋಕಕ್ಕೆ ತಿಳಿಸಿದರು. ಬಾಲಿಕೆ ಮಾತ್ರ 13ನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು.

ಇಂದು ಆ ದೋಷಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಆದರೂ ನಮ್ಮ ಮನೆಗಳಲ್ಲಿ “ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ” ಎಂಬ ಮಾತು ನಿಂತಿಲ್ಲ. ಈ ಮಾತು ಸಮಾಧಾನವಲ್ಲ, ಅಪಾಯ ಎಂಬುದೇ ನನ್ನ ವಾದ.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರು. 80 ಮಿಲಿಲೀಟರನ್ನು ಮೀರಿದರೆ ಅದು ಅತಿಸ್ರಾವವೆಂದು ಬಹುಕಾಲ ಎಣಿಸುತ್ತಿದ್ದರು. ಮನೆಯಲ್ಲಿ ಇದನ್ನು ಅಳೆಯಬಲ್ಲವರು ಯಾರು? ಆದುದರಿಂದ ನಿತ್ಯಜೀವನಕ್ಕೆ ಅಡ್ಡಿಯಾಗುವಷ್ಟು ಸ್ರಾವವೇ ಅತಿಸ್ರಾವವೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗದರ್ಶಿಯು 2007ರಲ್ಲಿ ಹೇಳಿತು. ಗಂಟೆಗೊಮ್ಮೆ ಬಟ್ಟೆ ಬದಲಿಸುವುದು, ರಾತ್ರಿ ಅದಕ್ಕಾಗಿಯೇ ಏಳುವುದು, ದೊಡ್ಡ ಗಡ್ಡೆಗಳು ಬೀಳುವುದು, 7 ದಿನ ಕಳೆದರೂ ನಿಲ್ಲದಿರುವುದು: ಇವು ಅದರ ಗುರುತುಗಳು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಮು ಕಬ್ಬಿಣವಿರುವುದು. 80 ಮಿಲಿಲೀಟರಿನೊಡನೆ ಹೋಗುವುದು 40 ಮಿಲಿಗ್ರಾಮು. ಆಹಾರದಿಂದ ದೇಹವು ಹೀರಿಕೊಳ್ಳುವುದಾದರೋ ದಿನಕ್ಕೆ 1ರಿಂದ 2 ಮಿಲಿಗ್ರಾಮು. ಅದರಲ್ಲಿಯೂ ಸುಮಾರು 1 ಮಿಲಿಗ್ರಾಮು ಚರ್ಮ ಮತ್ತು ಕರುಳಿನ ಸವೆತದಲ್ಲಿ ನಷ್ಟವಾಗುವುದು. ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 30 ಮಿಲಿಗ್ರಾಮು. ಜಮೆಗಿಂತ ಖರ್ಚು ಹೆಚ್ಚಾದರೆ ರಕ್ತಹೀನತೆ ತಪ್ಪದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಇದಕ್ಕೆ ಕಾರಣಗಳು ಹಲವು. ಅತಿಸ್ರಾವವೂ ಅವುಗಳಲ್ಲಿ ಒಂದು. ತರಗತಿಯಲ್ಲಿ ತೂಕಡಿಸುವ ಹುಡುಗಿ ಸೋಮಾರಿಯೇ ಆಗಿರಬೇಕಿಲ್ಲ.

ಚಿಕಿತ್ಸೆಯು ಕಾರಣವನ್ನು ಅವಲಂಬಿಸಿದೆ. ಮೊದಲ ಕೆಲವು ವರ್ಷಗಳಲ್ಲಿ ಹಾರ್ಮೋನುಗಳ ಕ್ರಮವು ಸ್ಥಿರವಾಗಿರುವುದಿಲ್ಲ. ಥೈರಾಯಿಡ್ ದೋಷ, ರಕ್ತ ಹೆಪ್ಪುಗಟ್ಟದ ದೋಷಗಳೂ ಇರಬಹುದು. ವಯಸ್ಸಾದವರಲ್ಲಿ ಗರ್ಭಕೋಶದ ಗಡ್ಡೆಗಳು ಹೆಚ್ಚು.

ಔಷಧಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲವು ಗಮನಾರ್ಹವಾದುದು. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಪ್ರಕಟಿಸಿದ ಶೋಧವಿದು. ಹೆಪ್ಪುಗಟ್ಟಿದ ರಕ್ತವು ಮತ್ತೆ ಕರಗದಂತೆ ಇದು ತಡೆಯುವುದು. ಸ್ರಾವದ ದಿನಗಳಲ್ಲಿ ಮಾತ್ರ ಸೇವಿಸಿದರೆ ಸಾಕು. ನಷ್ಟವು ಅರ್ಧದ ಸಮೀಪಕ್ಕೆ ಇಳಿಯುವುದು. ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದವರಿಗೆ ಇದು ಸಲ್ಲದು. ಹಾರ್ಮೋನು ಮಾತ್ರೆಗಳು ಮುಟ್ಟನ್ನು ಕ್ರಮಕ್ಕೆ ತರುವುವು. ಗರ್ಭಕೋಶದೊಳಗೆ ಇರಿಸುವ ಹಾರ್ಮೋನು ಸಾಧನವು ಹಲವು ವರ್ಷ ಕೆಲಸ ಮಾಡಿ ಸ್ರಾವವನ್ನು ಬಹಳ ಮಟ್ಟಿಗೆ ತಗ್ಗಿಸುವುದು. ಆದರೆ ಮೊದಲ ತಿಂಗಳುಗಳಲ್ಲಿ ಆಗಾಗ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದು.

ಕೊನೆಯ ಉಪಾಯ ಗರ್ಭಕೋಶವನ್ನು ತೆಗೆಯುವುದು. ಕ್ಯಾನ್ಸರಿದ್ದಾಗ, ಬೇರೆ ಚಿಕಿತ್ಸೆಗಳು ಸೋತಾಗ ಅದು ಯುಕ್ತವೇ. ಆದರೆ ಕೊನೆಯದು ಮೊದಲಾಗುತ್ತಿರುವುದು ಶೋಚನೀಯ. ಇಂತಹ ಅನವಶ್ಯಕ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಆದೇಶಿಸಬೇಕಾಯಿತು. “ಕೂಲಿ ಬಿಟ್ಟು ಹೆಂಗಸು ತಿಂಗಳು ತಿಂಗಳೂ ಆಸ್ಪತ್ರೆಗೆ ಬರುವುದು ಹೇಗೆ? ಒಮ್ಮೆ ತೆಗೆದುಬಿಟ್ಟರೆ ಮುಗಿಯಿತು” ಎನ್ನುವವರಿದ್ದಾರೆ. ಆ ಕಷ್ಟವು ನಿಜ. ಅದಕ್ಕೆ ಪರಿಹಾರ ಮಾತ್ರೆಯನ್ನು ಹಳ್ಳಿಯ ಆಸ್ಪತ್ರೆಗೆ ತಲಪಿಸುವುದೇ ಹೊರತು ಅವಳ ಅಂಗವನ್ನು ಕಳೆಯುವುದಲ್ಲ. ಅಂಡಾಶಯಗಳನ್ನೂ ತೆಗೆದರೆ ಅಕಾಲದಲ್ಲಿ ಮೂಳೆಗಳು ಸವೆಯುವುವು.

ವಿದ್ಯಾರ್ಥಿನಿಯರೆ, ಮುಟ್ಟಿನ ದಿನಗಳನ್ನೂ ಬದಲಿಸಿದ ಬಟ್ಟೆಗಳ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಹೆಚ್ಚೆನಿಸಿದರೆ ತಾಯಿಗೆ ತೋರಿಸಿ, ವೈದ್ಯರಲ್ಲಿಗೆ ಹೋಗಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಕಾರಣವೇನು, ಉಪಾಯಗಳೆಷ್ಟು, ಒಂದೊಂದರ ಲಾಭನಷ್ಟಗಳೇನು ಎಂದು ಅಂಜದೆ ಕೇಳಿ. ವಿದ್ಯಾರ್ಥಿಗಳೆ, ಇದು ನಿಮಗೆ ಸಂಬಂಧಿಸದ ವಿಷಯವೆಂದು ಪುಟ ತಿರುವದಿರಿ. ನಿಮ್ಮ ಮನೆಯಲ್ಲಿಯೂ ಅಕ್ಕತಂಗಿಯರಿದ್ದಾರೆ.