ಬಲೆಯ ಕಣ್ಣಿನಲ್ಲೊಂದು ಗಣಿತ

ಸೇಡಂ, ಚಿತ್ತಾಪುರದ ಕಡೆ ತೊಗರಿ ರಾಶಿ ಮುಗಿದ ಮೇಲೆ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಸಾಣಿಗೆ ಹಿಡಿದು ಕುಳಿತುಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ. ಮಣ್ಣು, ನುಚ್ಚು ಕೆಳಗೆ ಉದುರಿ, ಕಾಳು ಮೇಲೆ ಉಳಿಯುತ್ತದೆ. ಶಹಾಬಾದ, ವಾಡಿಯ ಕಡೆ ಒಡೆದ ಕಲ್ಲನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವುದೂ ಜರಡಿಯೇ. ಸಾಣಿಗೆಯ ಕಣ್ಣು ಮುಚ್ಚಿಕೊಂಡರೆ ಏನಾದೀತು? ಕಸವೂ ಕಾಳೂ ಒಂದೇ ಕಡೆ ಉಳಿಯುತ್ತವೆ. ಸಮುದ್ರದಲ್ಲಿ ನಡೆಯುತ್ತಿರುವುದೂ ಅದೇ.

ಮಂಗಳೂರು, ಮಲ್ಪೆಯ ಬಂದರುಗಳಿಂದ ಹೊರಡುವ ಟ್ರಾಲ್ ದೋಣಿಗಳು ದೊಡ್ಡ ಚೀಲದಂತಹ ಬಲೆಯನ್ನು ಸಮುದ್ರದ ತಳದ ಮೇಲೆ ಎಳೆದುಕೊಂಡು ಹೋಗುತ್ತವೆ. ಬೇಕಾದದ್ದು ಸಿಗಡಿ, ಒಳ್ಳೆಯ ಬೆಲೆಯ ಮೀನು. ಆದರೆ ಚೀಲದಲ್ಲಿ ಮರಿಮೀನು, ಏಡಿ, ಕೆಲವೊಮ್ಮೆ ಆಮೆ ಕೂಡ ಸಿಕ್ಕಿಬೀಳುತ್ತವೆ. ಬೇಡವಾದದ್ದು ಸತ್ತ ಮೇಲೆ ಸಮುದ್ರಕ್ಕೆ ಹೋಗುತ್ತದೆ, ಇಲ್ಲವೇ ಒಣಗಿ ಮೀನಿನ ಪುಡಿಯಾಗುತ್ತದೆ. ಜಗತ್ತಿನಲ್ಲಿ ಹೀಗೆ ಸಮುದ್ರಕ್ಕೆ ಎಸೆಯುವ ಮೀನು ವರ್ಷಕ್ಕೆ ಸುಮಾರು 91 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಒಂದು ಸಲವೂ ಮೊಟ್ಟೆ ಇಡದ ಮರಿಯನ್ನು ಹಿಡಿಯುವುದೆಂದರೆ ಬಿತ್ತನೆಯ ಬೀಜವನ್ನೇ ಬೀಸಿ ತಿಂದಂತೆ.

ಬಲೆಗೆ ಕಣ್ಣುಗಳಿವೆಯಲ್ಲ, ಮರಿಗಳು ಏಕೆ ಪಾರಾಗುವುದಿಲ್ಲ? ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಟ್ಟಿನ ನಾಲ್ಕು ಪಟ್ಟಿಗಳನ್ನು ಕತ್ತರಿಸಿ, ತೂತಿನಿಂದ ತೂತಿಗೆ 10 ಸೆಂಟಿಮೀಟರ್ ಇರುವಂತೆ ಗುಂಡುಸೂಜಿಯಿಂದ ಚೌಕವಾಗಿ ಜೋಡಿಸಿ. ಒಂದು ಟೆನಿಸ್ ಚೆಂಡು ಅದರೊಳಗಿಂದ ಸಲೀಸಾಗಿ ಹೋಗುತ್ತದೆ. ಈಗ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆಯಿರಿ. ಚೌಕ ವಜ್ರಾಕೃತಿಯಾಗುತ್ತದೆ. ಚೂಪಾದ ಮೂಲೆ 30 ಡಿಗ್ರಿಗೆ ಬಂದಾಗ 100 ಚದರ ಸೆಂಟಿಮೀಟರ್ ಇದ್ದ ಕಿಂಡಿ 50ಕ್ಕೆ ಇಳಿದಿರುತ್ತದೆ; ಎದುರುಬದುರು ಬಾಹುಗಳ ನಡುವಿನ ಅಂತರ 5 ಸೆಂಟಿಮೀಟರ್ ಮಾತ್ರ. ಚೆಂಡು ಹೋಗುವುದಿಲ್ಲ! ಸುತ್ತಳತೆ ಮಾತ್ರ ಮೊದಲಿನಂತೆಯೇ 40 ಸೆಂಟಿಮೀಟರ್.

ಸಾಮಾನ್ಯ ಟ್ರಾಲ್ ಬಲೆಯ ಕಣ್ಣು ವಜ್ರಾಕೃತಿಯದು. ದೋಣಿ ಎಳೆದಾಗ, ಚೀಲ ತುಂಬಿ ಭಾರವಾದಾಗ, ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಕತ್ತರಿಸಿ ಕಟ್ಟಿದರೆ ಎಳೆತ ದಾರದ ನೇರಕ್ಕೆ ಬೀಳುತ್ತದೆ. ಕಣ್ಣು ಚೌಕವಾಗಿಯೇ ತೆರೆದಿರುತ್ತದೆ, ಮರಿಗಳು ಜಾರಿಹೋಗುತ್ತವೆ. ಚೀಲದ ತುದಿಗೆ ಚೌಕ ಕಣ್ಣಿನ ಬಲೆ ಕಟ್ಟಬೇಕೆಂದು ವಿಜ್ಞಾನಿಗಳು ಹೇಳುವುದು ಇದಕ್ಕಾಗಿಯೇ.

1957ರಲ್ಲಿ ಆರಂಭವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲೆಯೊಳಗೆ ಸರಳುಗಳ ಜಾಲರಿ ಕೂಡಿಸಿ, ಸಿಗಡಿ ಒಂದು ಚೀಲಕ್ಕೆ, ದೊಡ್ಡ ಮೀನು ಇನ್ನೊಂದಕ್ಕೆ, ಮರಿ ಹೊರಕ್ಕೆ ಹೋಗುವ ಸಾಧನವನ್ನು ರೂಪಿಸಿತು. 2005ರ ಅಂತರರಾಷ್ಟ್ರೀಯ ಸ್ಮಾರ್ಟ್ ಗೇರ್ ಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನವೂ ಬಂತು. ಆಮೆ ಹೊರಬೀಳುವ ಕಿಂಡಿಯೂ ಇದೆ. 1996ರಲ್ಲಿ ಅಮೆರಿಕ, ಅಂಥ ಕಿಂಡಿಯಿಲ್ಲದ ಬಲೆಗಳ ಸಿಗಡಿ ಬೇಡವೆಂದಾಗ ಭಾರತ ಇತರ ದೇಶಗಳ ಜತೆ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ದೂರು ಕೊಟ್ಟಿತ್ತು.

ಹಾಗಾದರೆ ಎಲ್ಲರೂ ಏಕೆ ಬಳಸುವುದಿಲ್ಲ? ಡೀಸೆಲ್ ಖರ್ಚು, ಸಾಲ ತಲೆಯ ಮೇಲಿರುವ ಮೀನುಗಾರನಿಗೆ ಮರಿಯೊಂದಿಗೆ ನಾಲ್ಕು ಸಿಗಡಿ ಜಾರಿದರೂ ನಷ್ಟವೇ. ಪುಡಿ ಮಾಡುವವರು ಮರಿಮೀನಿಗೂ ಹಣ ಕೊಡುತ್ತಾರೆ. ತಾನು ಬಿಟ್ಟ ಮರಿಯನ್ನು ಪಕ್ಕದ ದೋಣಿ ಹಿಡಿದರೆ ಎಂಬ ಸಂಶಯ ಬೇರೆ. ಆದ್ದರಿಂದ ಬಲೆ ಬದಲಾಗುವುದಾದರೆ ಎಲ್ಲರ ಬಲೆಯೂ ಒಟ್ಟಿಗೆ ಬದಲಾಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದು ಎಲ್ಲರಿಗೂ ಒಂದೇ ನಿಯಮವಾದ್ದರಿಂದಲೇ ನಡೆಯುತ್ತದೆ.

ಸಮುದ್ರ ನಮಗೆ ದೂರ ನಿಜ. ಆದರೆ ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು ಸೇರಿ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನೇ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕಾಗಲಿ, ನಿಮ್ಮೂರಿನ ಕೆರೆಗಾಗಲಿ ಲೆಕ್ಕ ಒಂದೇ: ಸೊಳ್ಳೆ ಪರದೆಯಂತಹ ಬಲೆ ಇಂದಿನ ಮರಿಯ ಜತೆ ಬರುವ ವರ್ಷದ ಮೀನನ್ನೂ ಹಿಡಿಯುತ್ತದೆ. ಪಾಲಕರೇ, ಈ ಭಾನುವಾರ ರಟ್ಟು, ಚೆಂಡು ಕೊಟ್ಟು ಮಕ್ಕಳ ಜತೆ ಕುಳಿತುಕೊಳ್ಳಿ. ರೇಖಾಗಣಿತ ಯಾವುದಕ್ಕೆ ಉಪಯೋಗ ಎಂದು ಅವರು ಕೇಳಿದರೆ, ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.