ರೀಡಿಂಗ್ಸ್ ಎಲ್ಲಿ?

ಲ್ಯಾಬಲ್ಲಿ ಉತ್ತರ ಸರಿ ಬಂದ್ರೂ ಅಬ್ಸರ್ವೇಶನ್ ಬುಕ್ ಖಾಲಿ ಇದ್ರೆ ಮೇಡಂ ಸೈನ್ ಹಾಕಲ್ಲ. "ರೀಡಿಂಗ್ಸ್ ಎಲ್ಲಪ್ಪಾ?" ಅಂತ ಕೇಳ್ತಾರೆ. ಆ ಪ್ರಶ್ನೆಯ ಬೆಲೆ ನಂಗೆ ಗೊತ್ತಾಗಿದ್ದು ಅಮೆರಿಕದ ಒಂದು ಕೇಸ್ ಬಗ್ಗೆ ಓದಿದಾಗ.

ಅಂಗವೈಕಲ್ಯ ಅಥವಾ ಕಾಯಿಲೆಯಿಂದ ದುಡಿಯೋಕೆ ಆಗದವರಿಗೆ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಇಲಾಖೆ ಭತ್ಯೆ ಕೊಡುತ್ತದೆ. ಅರ್ಜಿ ತಿರಸ್ಕಾರವಾದರೆ ಸಾಮಾನ್ಯವಾಗಿ ಮೊದಲು ಮರುಪರಿಶೀಲನೆ, ನಂತರ ಇಲಾಖೆಯದೇ ನ್ಯಾಯಾಧೀಶರ ಮುಂದೆ ವಿಚಾರಣೆ, ಆಮೇಲೆ ಅಪೀಲ್ಸ್ ಕೌನ್ಸಿಲ್. ಅಲ್ಲೂ ಸೋತರೆ 60 ದಿನದೊಳಗೆ ಫೆಡರಲ್ ಕೋರ್ಟಿಗೆ ಹೋಗಬಹುದು. ಆದರೆ ಕೋರ್ಟ್ ಮತ್ತೆ ಮೊದಲಿಂದ ವಿಚಾರಣೆ ಮಾಡಲ್ಲ. ಫೈಲಲ್ಲಿರೋದನ್ನ ಓದಿ, ಕಾನೂನು ಪಾಲಿಸಿದ್ದಾರಾ, ನಿರ್ಧಾರಕ್ಕೆ ಸಾಕಾಗುವಷ್ಟು ಸಾಕ್ಷ್ಯ ಇದೆಯಾ ಅಂತ ನೋಡುತ್ತದೆ, ಅಷ್ಟೇ.

ಬಿಯೆಸ್ಟೆಕ್ ಅನ್ನೋರು ಕಟ್ಟಡ ಕೆಲಸದ ಬಡಗಿ. ಬೆನ್ನುಮೂಳೆ ಸಮಸ್ಯೆಯೂ ಸೇರಿ ಹಲವು ಕಾಯಿಲೆಗಳಿಂದ ಕೆಲಸ ಬಿಟ್ಟರು. ವಿಚಾರಣೆಯಲ್ಲಿ ಉದ್ಯೋಗ ತಜ್ಞರೊಬ್ಬರು, ಇವರು ಕೂತು ಮಾಡಬಹುದಾದ ಜೋಡಣೆ ಕೆಲಸ ದೇಶದಲ್ಲಿ 2,40,000, ವಿಂಗಡಣೆ ಕೆಲಸ 1,20,000 ಇವೆ ಅಂದರು. ಲೆಕ್ಕ ಎಲ್ಲಿಂದ ಬಂತು ಅಂದರೆ, ಸ್ವಲ್ಪ ಸರ್ಕಾರಿ ಅಂಕಿಅಂಶ, ಸ್ವಲ್ಪ ತಮ್ಮದೇ ಸರ್ವೆ. ವಕೀಲರು ಆ ಸರ್ವೆ ಕೇಳಿದರು. ಅದು ಗ್ರಾಹಕರ ಗೋಪ್ಯ ಫೈಲ್ ಅಂದುಬಿಟ್ಟರು. ನ್ಯಾಯಾಧೀಶರೂ ಕೊಡಿಸಲಿಲ್ಲ. 50 ತುಂಬುವ ಮುಂಚಿನ ಅವಧಿಗೆ ಬಿಯೆಸ್ಟೆಕ್‌ಗೆ ಭತ್ಯೆ ಸಿಗಲಿಲ್ಲ.

ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯಿತು. ಡೇಟಾ ಕೊಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ತಜ್ಞರ ಮಾತನ್ನ ತಳ್ಳಿಹಾಕೋಕೆ ಆಗಲ್ಲ, ಕೇಸ್ ನೋಡಿ ನಿರ್ಧರಿಸಬೇಕು ಅಂತ 2019ರಲ್ಲಿ 6-3 ಬಹುಮತದ ತೀರ್ಪು ಬಂತು.

ಪ್ರತಿ ಕೇಸಲ್ಲೂ ಎಲ್ಲಾ ದಾಖಲೆ ಕೇಳ್ತಾ ಹೋದರೆ ವಿಚಾರಣೆ ಮುಗಿಯೋದೇ ಇಲ್ಲ ಅನ್ನಬಹುದು. ಒಪ್ಪುತ್ತೇನೆ. ಗ್ರಾಹಕರ ಗುಟ್ಟನ್ನೂ ಕಾಪಾಡಬೇಕು. ಆದರೆ ಹೆಸರು ಅಳಿಸಿ ಅಂಕಿ ತೋರಿಸೋದು ಅಷ್ಟು ಕಷ್ಟಾನಾ? ಪ್ರಶ್ನೆ ಕೇಳೋ ಅವಕಾಶ ಇತ್ತಲ್ಲ ಅಂತಾರೆ. ಲೆಕ್ಕವನ್ನೇ ನೋಡದೆ ಯಾವ ಪ್ರಶ್ನೆ ಕೇಳೋದು? ಮೇಲಿನ ಕೋರ್ಟ್ ಫೈಲಲ್ಲಿ ಇರೋದನ್ನ ಮಾತ್ರ ಓದುತ್ತೆ ಅಂದಮೇಲೆ, ಆ ಲೆಕ್ಕ ಫೈಲಿಗೆ ಸೇರಲೇಬೇಕಿತ್ತು.

ನಾಳೆ ನಾವೂ ಎಲ್ಲೋ ತಜ್ಞರಾಗಿ ಕೂತಿರ್ತೀವಿ. ನಮ್ಮ ಒಂದು ನಂಬರ್ ಮೇಲೆ ಯಾರದ್ದೋ ಊಟ ನಿಂತಿರಬಹುದು. ಆಗ ಎದುರಿಗಿರೋರು "ರೀಡಿಂಗ್ಸ್ ಎಲ್ಲಿ?" ಅಂದರೆ, ನಾವು ಬುಕ್ ತೆರೆದು ತೋರಿಸಬೇಕು.